ಅಭ್ಯಾಸದ ಗುಂಡು: ಹೊಸಪೇಟೆಯಿಂದ ಕಂಪ್ಲಿಯವರೆಗೆ

ಪ್ರವಾಸವು ಕಣ್ಣಿನ ಹಬ್ಬವೆಂದು ಬಲ್ಲವರು ಹೇಳುತ್ತಾರೆ. ಆದರೆ ಕಳೆದ ಮಾಘಮಾಸದಲ್ಲಿ ನಾನು ಕೈಕೊಂಡ ಪ್ರವಾಸವು ಹಬ್ಬಕ್ಕಾಗಿ ಹೊರಟುದಲ್ಲ. ತಂಗಿಯು ನನ್ನ ಹೆಗಲಿಗೇರಿಸಿದ ಒಂದು ರಾಯಭಾರಕ್ಕಾಗಿ ಹೊರಟುದು. ಅವಳ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಬಿಡುವಿನ ದಿನಗಳಲ್ಲಿ ಅವನು ಪಿಸ್ತೂಲಿನಿಂದ ಗುರಿ ಹೊಡೆಯುವ ಕ್ರೀಡೆಯನ್ನು ಅಭ್ಯಾಸ ಮಾಡುವುದುಂಟು. ಲೈಸೆನ್ಸು ಇದೆ, ಸಂಘವಿದೆ, ಸ್ಪರ್ಧೆಗಳಿವೆ. ಆದರೂ ತಾಯಿಯ ಮನಸ್ಸು ಒಪ್ಪದು. “ಅಣ್ಣಾ, ನೀನು ಹೇಳಿದರೆ ಕೇಳುತ್ತಾನೆ. ಹಂಪೆ ತೋರಿಸುವ ನೆವದಲ್ಲಿ ಕರೆದುಕೊಂಡು ಹೋಗಿ ಆ ಪಿಸ್ತೂಲಿನ ಗೀಳನ್ನು ಬಿಡಿಸು” ಎಂದಳು. ಈ ಮಾತನ್ನು ಹೇಳಲು ಅವಳಿಗೆ ಹಕ್ಕು ಇತ್ತು. ಅದನ್ನು ನಡೆಸಿಕೊಡಲು ನನಗೆ ಇದ್ದ ಸಂಕೋಚವೆಂಥದೆಂಬುದು ವಾಚಕರಿಗೆ ಮುಂದೆ ತಿಳಿಯುವುದು.

ಬೆಳಗಿನ ರೈಲಿನಿಂದ ಹೊಸಪೇಟೆಯಲ್ಲಿಳಿದೆವು. ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಈ ಊರು. ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಇದರ ಮಗ್ಗುಲಲ್ಲಿದೆ. ೨೦೨೧ರಿಂದ ಊರು ವಿಜಯನಗರ ಜಿಲ್ಲೆಯ ಮುಖ್ಯಸ್ಥಳವೂ ಆಗಿದೆ. ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಉಗ್ಗಾಣಿಯನ್ನೂ ಮಿರ್ಚಿಯನ್ನೂ ತಿನ್ನುತ್ತ ಕುಳಿತಿದ್ದಾಗ, ನಾನು ಬಾಯಿ ತೆರೆಯುವ ಮೊದಲೇ ಹುಡುಗನು ಹೇಳಿದನು: “ಅಮ್ಮ ನಿಮ್ಮನ್ನು ಏಕೆ ಕಳುಹಿಸಿದಳೆಂದು ನನಗೆ ಗೊತ್ತು ಮಾಮ. ಈಗ ಅವಳು ಹೆದರಬೇಕಾಗಿಲ್ಲ. ಅಭ್ಯಾಸಕ್ಕೆಂದು ಪಿಸ್ತೂಲನ್ನು ಚಿಕ್ಕ ಗುಂಡಿಗೆ ಮಾರ್ಪಡಿಸಿಕೊಂಡಿದ್ದೇನೆ.”

ಒಂದೇ ಪಿಸ್ತೂಲು ಎರಡು ಬಗೆಯ ಗುಂಡನ್ನು ಹಾರಿಸುವುದು ಹೇಗೆಂದು ಕೇಳಿದೆನು. ಅವನು ಹೇಳಿದುದರ ಸಾರವಿಷ್ಟು. ಅವನು ಸೇರಿರುವ ಸ್ಪರ್ಧೆಯಲ್ಲಿ ೨೫ ಮೀಟರು ದೂರದ ಗುರಿಗೆ ೬೦ ಗುಂಡುಗಳನ್ನು ಹೊಡೆಯಬೇಕು. ೨೦೦೬ರಲ್ಲಿ ದೋಹಾ ನಗರದ ಏಷ್ಯಾ ಕ್ರೀಡಾಕೂಟದಲ್ಲಿ ನಮ್ಮ ದೇಶದ ಜಸ್ಪಾಲ್ ರಾಣಾ ಅವರು ೬೦೦ಕ್ಕೆ ೫೯೦ ಅಂಕ ಪಡೆದು ಚಿನ್ನ ಗೆದ್ದುದು ಇದೇ ಸ್ಪರ್ಧೆಯಲ್ಲಿ. ಇದಕ್ಕೆ ಹಲವರು ಬಳಸುವುದು ಅಂಗುಲದ ನೂರರಲ್ಲಿ ೩೨ ಪಾಲು ಅಳತೆಯ ಗುಂಡು. ಅದು ದುಬಾರಿ, ಅದರ ಒದೆತವೂ ಹೆಚ್ಚು. ಅಂಗುಲದ ನೂರರಲ್ಲಿ ೨೨ ಪಾಲಿನ ಗುಂಡಾದರೋ ಅಗ್ಗ. ಕೈಯನ್ನು ಅಷ್ಟಾಗಿ ಒದೆಯದು. ಆದರೆ ನಳಿಗೆಯನ್ನು ಮಾತ್ರ ಬದಲಿಸಿದರೆ ಸಾಲದು. ದೊಡ್ಡ ತೋಟೆಯ ಕಿಡಿಮದ್ದು ಅದರ ತಳದ ನಡುವಿನಲ್ಲಿರುತ್ತದೆ, ಚಿಕ್ಕ ತೋಟೆಯದು ತಳದ ಅಂಚಿನಲ್ಲಿ. ಆದುದರಿಂದ ತೋಟೆಯನ್ನು ಬಡಿಯುವ ಮುಳ್ಳಿನ ಸ್ಥಾನವೂ, ತೋಟೆಗಳನ್ನಿಡುವ ಪೆಟ್ಟಿಗೆಯೂ ಬೇರೆಯಾಗಬೇಕು. ಜರ್ಮನಿಯ ವಾಲ್ಟರ್ ಕಾರ್ಖಾನೆಯವರ ಜಿಎಸ್‌ಪಿ ಎಂಬ ಪಿಸ್ತೂಲಿನಂಥವುಗಳಿಗೆ ಈ ಮೇಲಿನ ಭಾಗವನ್ನೆಲ್ಲ ಒಟ್ಟಾಗಿಯೇ ತಯಾರಿಸಿದ್ದರು. ಹಿಡಿಯೂ ಬೆರಳು ಒತ್ತುವ ಟ್ರಿಗರೂ ಅವೇ ಉಳಿಯುವುದರಿಂದ ಕೈಗೆ ಕಲಿತ ಪಾಠ ಮರೆಯುವುದಿಲ್ಲ.

ಇದು ಹೊಸ ಉಪಾಯವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಸೈನಿಕರು ತಮ್ಮ ಮಾರ್ಟಿನಿ-ಹೆನ್ರಿ ಬಂದೂಕಿನ ನಳಿಗೆಯೊಳಗೆ ‘ಮಾರಿಸ್ ಕೊಳವೆ’ ಎಂಬ ಕಿರಿದಾದ ನಳಿಗೆಯನ್ನು ಸೇರಿಸಿ ಅಭ್ಯಾಸ ಮಾಡುತ್ತಿದ್ದರು. ಅಮೆರಿಕದ ಕೋಲ್ಟ್ ಕಾರ್ಖಾನೆಯವರು ೧೯೩೮ರಲ್ಲಿ ತಮ್ಮ ದೊಡ್ಡ ಪಿಸ್ತೂಲಿಗೆ ಇಂಥದೇ ಬದಲಿ ಭಾಗವನ್ನು ಹೊರತಂದರು. ನಮ್ಮಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ಮಕ್ಕಳು ಮೊದಲು ಕೈಯಲ್ಲಿ ಹಿಡಿಯುತ್ತ ಬಂದುದು ಚಿಕ್ಕ ಗುಂಡಿನ ಬಂದೂಕನ್ನೇ. ಆದರೆ ಮನೆಯಲ್ಲಿ ಕುಳಿತು ತಾನೇ ಅರ ಹಿಡಿದು ಆಯುಧವನ್ನು ತಿದ್ದುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಆಯುಧವನ್ನು ಮಾರ್ಪಡಿಸುವುದಕ್ಕೂ ಲೈಸೆನ್ಸು ಬೇಕು. ಹುಡುಗನು ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದನು. ನನ್ನ ರಾಯಭಾರಕ್ಕೆ ಮಾತೇ ಉಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಮಲಾಪುರದ ಮೇಲಿಂದ ಹಂಪೆಯನ್ನು ಸೇರಿದೆವು. ೧೯೮೬ರಲ್ಲಿ ವಿಶ್ವಪರಂಪರೆಯ ತಾಣವೆಂದು ಮನ್ನಣೆ ಪಡೆದ ಈ ಹಾಳೂರನ್ನು ವರ್ಣಿಸಿದವರು ಅನೇಕರಿರುವುದರಿಂದ ನಾನು ಮಹಾನವಮಿ ದಿಬ್ಬವೊಂದನ್ನೇ ಹೇಳುತ್ತೇನೆ. ಅದರ ಗೋಡೆಗಳ ಸಾಲುಶಿಲ್ಪಗಳಲ್ಲಿ ಕುದುರೆಗಳು, ಆನೆಗಳು, ಬೇಟೆಗಾರರು, ಒಬ್ಬರನ್ನೊಬ್ಬರು ಹಿಡಿದ ಜಟ್ಟಿಗಳು. ೧೫೨೦ರ ಸುಮಾರಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಪೂಸಿಕೊಂಡು, ಸುಟ್ಟ ಮಣ್ಣಿನ ದೊಡ್ಡ ಭಾರಗಳನ್ನು ತೋಳಿನಲ್ಲೆತ್ತುತ್ತಿದ್ದನಂತೆ. ಅನಂತರ ಕತ್ತಿಯನ್ನು ಹಿಡಿದು ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡಿ, ಒಬ್ಬ ಜಟ್ಟಿಯೊಡನೆ ಕುಸ್ತಿಯಾಡಿ, ಕುದುರೆಯೇರಿ ಬಯಲನ್ನು ಸುತ್ತಿ ಬರುತ್ತಿದ್ದನಂತೆ.

“ನೋಡಿದಿರಾ ಮಾಮ! ರಾಯನೂ ಮಣ್ಣಿನ ಭಾರದಿಂದಲೇ ಮೊದಲು ಮಾಡಿದನು” ಎಂದು ಹುಡುಗನು ಹಿಗ್ಗಿದನು. “ಹೌದು, ಆದರೆ ಅಲ್ಲಿಗೇ ಮುಗಿಸಲಿಲ್ಲ” ಎಂದೆನು. ಮಣ್ಣಿನಿಂದ ಕತ್ತಿಗೆ, ಕತ್ತಿಯಿಂದ ಮಲ್ಲನಿಗೆ, ಮಲ್ಲನಿಂದ ಕುದುರೆಗೆ ಅವನ ಅಭ್ಯಾಸವು ಪ್ರತಿದಿನವೂ ಮೆಟ್ಟಿಲೇರುತ್ತಿತ್ತು. ದಿಬ್ಬದ ಮೇಲೆ ಕುಳಿತು ಅವನಿಗೆ ಇನ್ನೊಂದು ಕಥೆಯನ್ನೂ ಹೇಳಿದೆನು. ೧೫೬೫ರ ಜನವರಿಯಲ್ಲಿ ಈ ಪಟ್ಟಣದ ಭಾಗ್ಯವನ್ನು ಕೆಡಿಸಿದ ಯುದ್ಧದಲ್ಲಿ ಸುಲ್ತಾನರ ಕಡೆಯ ಫಿರಂಗಿಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದರೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಸಂತೆಯಲ್ಲಿ ಎಲೆಯಡಕೆ ಕೊಳ್ಳುವ ಕಾಸು ಫಿರಂಗಿಯ ಬಾಯಿಂದ ಹೊರಟಾಗ ಕಾಸಾಗಿ ಉಳಿಯಲಿಲ್ಲ. ಹುಡುಗನು ಉತ್ತರ ಕೊಡಲಿಲ್ಲ.

ಮರುದಿನ ಬಸ್ಸು ಹತ್ತಿ ಸಂಡೂರಿಗೆ ಹೋದೆವು. ೧೯೪೯ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಈ ಊರಿನ ಸುತ್ತ ಬೆಟ್ಟಗಳೇ ಕೋಟೆಯಂತಿವೆ. ನಾರಿಹಳ್ಳವು ಆ ಕೋಟೆಯನ್ನು ಸೀಳಿಕೊಂಡು ಗಂಡಿಯಲ್ಲಿ ಹರಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ತುಂಬುವ ಈ ಬೆಟ್ಟಗಳ ಒಡಲೆಲ್ಲ ಕಬ್ಬಿಣದ ಅದಿರು. ಅದನ್ನು ಹೊತ್ತ ಲಾರಿಗಳ ಕೆಂಧೂಳು ದಾರಿಯ ಬದಿಯ ಗಿಡಗಳ ಮೇಲೆ ಕುಳಿತಿತ್ತು. ದೇವಸೇನಾಪತಿಯಾದ ಕುಮಾರಸ್ವಾಮಿಯ ಪ್ರಾಚೀನ ದೇವಾಲಯವು ಇಲ್ಲಿಯ ಬೆಟ್ಟದ ಮೇಲಿದೆ. ಅಂಗಳದ ಕಲ್ಲುಹಾಸಿನ ಮೇಲೆ ವಿಶ್ರಮಿಸಿಕೊಂಡಿದ್ದಾಗ ಹುಡುಗನು ತಾನಾಗಿಯೇ ಮಾತು ತೆಗೆದನು.

“ಮಾಮ, ನಿನ್ನೆ ಎಲ್ಲವನ್ನೂ ಹೇಳಲಿಲ್ಲ. ಆರು ತಿಂಗಳು ಚಿಕ್ಕ ಗುಂಡಿನಲ್ಲಿಯೇ ಅಭ್ಯಾಸ ಮಾಡಿ ಸ್ಪರ್ಧೆಗೆ ಹೋದಾಗ ದೊಡ್ಡ ಗುಂಡಿನ ಒದೆತಕ್ಕೆ ನನ್ನ ಕೈ ಅಳುಕಿತು. ಚಿಕ್ಕದು ಗುರಿಯನ್ನು ಕಲಿಸಿತು, ಒದೆತವನ್ನು ಕಲಿಸಲಿಲ್ಲ. ಅದು ಹೋಗಲಿ. ಕಳೆದ ತಿಂಗಳು ಅಭ್ಯಾಸ ಮಾಡುತ್ತಿದ್ದಾಗ ಗೆಳೆಯನು ಕರೆದನೆಂದು ಪಿಸ್ತೂಲು ಕೈಯಲ್ಲಿರುವಂತೆಯೇ ಹಿಂದಕ್ಕೆ ತಿರುಗಿದೆ. ತೋಟೆಗಳು ಮುಗಿದಿವೆಯೆಂದು ತಿಳಿದಿದ್ದೆ. ಒಂದು ಉಳಿದಿತ್ತು. ಅಲ್ಲಿಯ ಅಧಿಕಾರಿಯು ನನ್ನ ಮಣಿಕಟ್ಟನ್ನು ಹಿಡಿದು, ಅಂದಿನ ಮಟ್ಟಿಗೆ ನನ್ನನ್ನು ಹೊರಗೆ ಕಳುಹಿಸಿದರು. ದೊಡ್ಡ ಗುಂಡು ಇದ್ದಿದ್ದರೆ ನಾನು ಹಾಗೆ ತಿರುಗುತ್ತಿರಲಿಲ್ಲ.”

ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿತು. “ನಾಳೆ ಕಂಪ್ಲಿಗೆ ಹೋಗೋಣ, ನಿನ್ನ ಚಿಕ್ಕಮಾಮನನ್ನು ನೋಡಿ ಬರೋಣ” ಎಂದಷ್ಟೇ ಹೇಳಿದೆನು.

ಕಂಪ್ಲಿಯು ಹೊಸಪೇಟೆಯ ಈಶಾನ್ಯಕ್ಕೆ ತುಂಗಭದ್ರೆಯ ದಡದಲ್ಲಿದೆ. ದಾರಿಯುದ್ದಕ್ಕೂ ಕಾಲುವೆ, ಬಾಳೆಯ ತೋಟ, ಕಬ್ಬು, ಬತ್ತದ ಗದ್ದೆ. ವಿಜಯನಗರಕ್ಕಿಂತ ಮೊದಲೇ ಕಂಪಿಲರಾಯನ ರಾಜ್ಯಕ್ಕೆ ಹೆಸರು ಕೊಟ್ಟ ಊರಿದು. ಅವನ ಮಗ ಕುಮಾರರಾಮನ ಕಥೆಯನ್ನು ಈ ಸೀಮೆಯಲ್ಲಿ ಅರಿಯದವರು ವಿರಳ. ಗೆಳೆಯರೊಡನೆ ಅವನು ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿದ್ದಿತು. ಅದನ್ನು ತರಲು ಹೋದವನ ಮೇಲೆ ಆಕೆ ಇಲ್ಲದ ಅಪವಾದವನ್ನು ಹೊರಿಸಿದಳು. ತಂದೆಯು ಅವನ ತಲೆ ತೆಗೆಯಲು ಅಪ್ಪಣೆ ಕೊಟ್ಟನು. ಮಂತ್ರಿ ಬೈಚಪ್ಪನು ಅವನನ್ನು ಬಚ್ಚಿಟ್ಟು ಉಳಿಸಿದನೆಂದು ಕಥೆ ಹೇಳುತ್ತದೆ. ಕೋಟೆಯ ಹಾಳುಗೋಡೆಯ ಬಳಿ ಇದನ್ನು ಹೇಳುತ್ತಿರುವಾಗ ನನ್ನ ಸ್ವರವು ತಡೆಯಿತು. ಆಟಕ್ಕೆಂದು ಎಸೆದುದು ಎಲ್ಲಿ ಬೀಳುವುದೆಂಬುದು ನನಗೆ ಕಥೆಯಿಂದ ತಿಳಿದುದಲ್ಲ.

ಊರ ಹೊರಗೆ ಕಾಲುವೆಯ ನೀರು ಹತ್ತದ ಎರೆಯ ಹೊಲವೊಂದು ನಮಗಿತ್ತು. ಜೋಳ ತೆನೆಗಟ್ಟಿದಾಗ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಳಿಗಳನ್ನು ಓಡಿಸುವುದು ಹುಡುಗರ ಕೆಲಸ. ನನಗೆ ಹನ್ನೆರಡು ವರ್ಷ, ತಮ್ಮನಿಗೆ ಎಂಟು. ಗುರಿ ಕಲಿಯುವವರೆಗೆ ಕಲ್ಲು ಮುಟ್ಟಬಾರದೆಂದು ಅಪ್ಪ ಆಜ್ಞೆ ಮಾಡಿದ್ದುದರಿಂದ ನಾನು ಎರೆಮಣ್ಣಿನ ಉಂಡೆಗಳನ್ನು ಮಾಡಿಟ್ಟುಕೊಂಡಿದ್ದೆನು. ಮಣ್ಣು ತಾನೇ ಎಂಬ ಧೈರ್ಯದಿಂದ ಯಾರು ಎಲ್ಲಿದ್ದಾರೆಂದು ನೋಡುವುದನ್ನೇ ಬಿಟ್ಟೆನು. ನಾಲ್ಕು ದಿನದ ಬಿಸಿಲಿಗೆ ಆ ಉಂಡೆಗಳು ಕಲ್ಲಾಗಿದ್ದವು. ತಮ್ಮನು ತೆನೆಗಳ ಮರೆಯಿಂದ ಎದ್ದು ನಿಂತನು. ಅವನ ಬಲಗಣ್ಣು ಅಂದು ಹೋಯಿತು. ಕಣ್ಣುಬೇನೆಯಿಂದ ಹೋಯಿತೆಂದು ಮನೆಯಲ್ಲಿ ಹೇಳುತ್ತ ಬಂದರು. ತಂಗಿಯೂ ತನ್ನ ಮಗನಿಗೆ ಹಾಗೆಯೇ ಹೇಳಿದ್ದಳು. ಅಂದು ಆ ಹೊಲದ ಬದುವಿನ ಮೇಲೆ ನಿಂತು ಮೊದಲನೆಯ ಸಲ ಅವನಿಗೆ ನಿಜವನ್ನು ಹೇಳಿದೆನು.

ಸಂಜೆ ಮನೆಯಲ್ಲಿ ತಮ್ಮನು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿ ಕುಳಿತನು. ಹುಡುಗನು ತಲೆ ತಗ್ಗಿಸಿ ಸಂಡೂರಿನಲ್ಲಿ ನನಗೆ ಹೇಳಿದುದನ್ನೆಲ್ಲ ಅವನಿಗೂ ಹೇಳಿದನು. ತಮ್ಮನು ನನ್ನ ಕಡೆ ಒಮ್ಮೆ ನೋಡಿ, ಅವನಿಗೆ ಹೇಳಿದನು: “ನಿನ್ನ ಮಾಮ ಕಲ್ಲನ್ನೇ ಹಿಡಿದಿದ್ದರೆ ನನ್ನನ್ನು ಹುಡುಕಿ ನೋಡಿ ಬೀಸುತ್ತಿದ್ದನಪ್ಪಾ. ಮಣ್ಣೆಂದು ಅವನು ತಿಳಿದನು. ಕಣ್ಣಿಗೆ ಅದು ತಿಳಿಯಲಿಲ್ಲ.” ನಲವತ್ತು ವರ್ಷಗಳಲ್ಲಿ ಈ ವಿಷಯವನ್ನು ಕುರಿತು ಅವನು ನನ್ನ ಮುಂದೆ ಆಡಿದ ಮೊದಲನೆಯ ಮಾತು ಇದು. ಅದರಲ್ಲಿ ಕೋಪವಿರಲಿಲ್ಲ.

ಊರಿಗೆ ಹಿಂದಿರುಗಿ ತಂಗಿಗೆ ಪತ್ರ ಬರೆದೆನು. ಬಿಡು ಎಂದು ನಾನು ಹೇಳಲಿಲ್ಲವೆಂದೂ, ಅವನು ತನ್ನ ಸಂಘದಲ್ಲಿ ಹೊಸಬರ ಪಾಠದಿಂದ ಮತ್ತೆ ಆರಂಭಿಸಲು ಒಪ್ಪಿದ್ದಾನೆಂದೂ, ಚಿಕ್ಕದನ್ನೂ ದೊಡ್ಡದನ್ನೂ ಸರದಿಯಾಗಿ ಹಿಡಿಯುವನೆಂದೂ, ಗುಂಡು ಯಾವುದೇ ಆಗಲಿ ನಳಿಗೆಯು ಗುರಿಯ ಕಡೆಗಲ್ಲದೆ ಬೇರೆ ಕಡೆಗೆ ತಿರುಗದೆಂದು ಮಾತು ಕೊಟ್ಟಿದ್ದಾನೆಂದೂ ತಿಳಿಸಿದೆನು. ಉತ್ತರ ಬಂದಿತು: “ನೀನು ಒಪ್ಪಿದರೆ ಸಾಲದು ಅಣ್ಣಾ. ತಮ್ಮನು ಒಪ್ಪಲಿ.”

ತಮ್ಮನಿಗೆ ಬರೆದೆನು. ಎಂಟು ದಿನಗಳ ಮೇಲೆ ಅವನ ಕಾಗದ ಬಂದಿತು. ಬೆಳೆಯ ವಿಷಯ, ಕಾಲುವೆಗೆ ನೀರು ಬಿಟ್ಟ ವಿಷಯ ಬರೆದು ಕೊನೆಯಲ್ಲಿ ಹೀಗೆಂದಿದ್ದನು: “ಹುಡುಗ ಕಲಿಯಲಿ. ಚಿಕ್ಕದೆಂಬ ಮಾತನ್ನು ಮಾತ್ರ ಬಿಡಲಿ.” ಆ ಕಾಗದವನ್ನು ಹಾಗೆಯೇ ತಂಗಿಗೆ ಕಳುಹಿಸಿಕೊಟ್ಟೆನು.