ಯಾವ ಜನ ಎಂದು ಕೇಳದ ನೀರು

ಸೇವೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕೇರಿಯ ಮುದುಕರಿಗೆ ನಗು ಬರುತ್ತದೆ. ‘ಯಾರ್ ಸೇವೆಲಾ? ಪಟೇಲ್ರುದಾ, ಶಾನುಭೋಗ್ರುದಾ?’ ಅಂತಾರೆ. ಅವರ ನಗುವಿಗೆ ಕಾರಣ ಇದೆ. ತೋಟಿ ಕೆಲಸ, ಸತ್ತ ದನ ಎಳೆಯುವ ಕೆಲಸ, ತಮಟೆ ಬಡಿಯುವ ಕೆಲಸ, ಊರವರ ಮನೆಯ ಸಾವಿನ ಸುದ್ದಿ ಹೊತ್ತು ರಾತ್ರಿಯೆಲ್ಲ ಹಳ್ಳಿಯಿಂದ ಹಳ್ಳಿಗೆ ನಡೆಯುವ ಕೆಲಸ, ಇವನ್ನೆಲ್ಲ ಊರು ಸೇವೆ ಎಂದೇ ಕರೆದಿತ್ತು. ೧೯೬೧ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ೧೯೭೬ರ ಕಾಯಿದೆ ಜೀತವನ್ನು ತೆಗೆದುಹಾಕಿತು. ಆದರೆ ಊರಿನ ಬಾಯಿಂದ ‘ಬಾರ್ಲಾ ಇಲ್ಲಿ’ ಎಂಬ ಕೂಗು ಕಾಯಿದೆಯ ಜೊತೆಗೇ ಹೋಗಲಿಲ್ಲ. ಆದ್ದರಿಂದ ಮಕ್ಕಳಿಗೆ ಸೇವೆ ಕಲಿಸಬೇಕು ಎಂದು ಯಾರಾದರೂ ಉಪದೇಶ ಮಾಡಿದರೆ ನಾವು ಮೊದಲು ಕೇಳುವುದು ಇಷ್ಟೆ: ಯಾರ ಮಕ್ಕಳಿಗೆ?

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ಕಲ್ಪತರು ನಾಡು ಎನ್ನುತ್ತಾರೆ. ಕಲ್ಪತರು ಕೇಳಿದ್ದನ್ನೆಲ್ಲ ಕೊಡುತ್ತದಂತೆ. ನಮ್ಮ ಅಪ್ಪ, ದೊಡ್ಡಪ್ಪಂದಿರಿಗೆ ಅದು ಕೊಟ್ಟದ್ದು ಚಿಪ್ಪು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಒಂದು ಗೀರೂ ಬೀಳದ ಹಾಗೆ ಉಂಡೆ ಕೊಬ್ಬರಿ ತೆಗೆದುಕೊಟ್ಟವರು ಅವರು. ಕೊಬ್ಬರಿ ತಿಪಟೂರು ಮಾರ್ಕೆಟ್ಟಿಗೆ ಹೋಯಿತು. ಸಂಜೆ ಹೋಟೆಲಿನ ಹಿತ್ತಲಿಗೆ ಹೋದರೆ ಅದೇ ಚಿಪ್ಪಿನಲ್ಲಿ ಅವರಿಗೆ ಕಾಫಿ ಸುರಿದರು. ಕುಡಿದಾದ ಮೇಲೆ ಚಿಪ್ಪು ತೊಳೆದು ಸೂರಿಗೆ ಸಿಕ್ಕಿಸಿ ಬರಬೇಕು. ನಾವು ಚಿಕ್ಕವರಿದ್ದಾಗ ಸೂರಿನಲ್ಲಿದ್ದ ಆ ಚಿಪ್ಪುಗಳನ್ನು ಕಣ್ಣಾರೆ ಕಂಡಿದ್ದೇವೆ.

ಇಂಥ ಸೀಮೆಯಲ್ಲಿ ಗುರುತಿಲ್ಲದವರಿಂದ ಒಳ್ಳೆಯದು ಸಿಕ್ಕರೆ ಅದು ಮರೆಯುವುದಿಲ್ಲ.

೧೯೮೨ರ ಬೇಸಿಗೆ. ನಮ್ಮವ್ವನಿಗೆ ಜ್ವರ ಹತ್ತಿ ಮೂರು ದಿನವಾಗಿತ್ತು. ಊರಲ್ಲಿ ಗಾಡಿ ಕೇಳಿದರೆ ಯಾರೂ ಕಟ್ಟಲಿಲ್ಲ. ನಾವು ಅಣ್ಣತಮ್ಮಂದಿರು ಮೂವರೂ ಅವಳನ್ನು ಕಂಬಳಿಯಲ್ಲಿ ಹೊತ್ತು ಕಿಬ್ಬನಹಳ್ಳಿ ಕ್ರಾಸಿಗೆ ಬಂದರೆ ತಿಪಟೂರಿನ ಬಸ್ಸು ಹೋಗಿಬಿಟ್ಟಿತ್ತು. ಹುಳಿಯಾರು ಕಡೆಯಿಂದ ಒಂದು ಖಾಲಿ ಲಾರಿ ಬಂತು. ನಮ್ಮ ಕೊಬ್ಬರಿ ಉತ್ತರದ ರಾಜ್ಯಗಳಿಗೆ ಹೋಗುತ್ತದಲ್ಲ, ಅದನ್ನು ತುಂಬಿಕೊಳ್ಳಲು ಬರುವ ಲಾರಿಗಳಲ್ಲಿ ಅದೂ ಒಂದು. ಡ್ರೈವರು ಪೇಟ ಸುತ್ತಿದ ಸರ್ದಾರ. ನಾವು ಕೈ ಅಡ್ಡ ಹಿಡಿಯುವ ಮೊದಲೇ ನಿಲ್ಲಿಸಿದ. ಇಳಿದು ಬಂದು ತಾನೇ ಅವ್ವನನ್ನು ಎತ್ತಿ ಮುಂದಿನ ಸೀಟಿನ ಮೇಲೆ ಮಲಗಿಸಿದ. ತನ್ನ ಲೋಟದಲ್ಲಿ ನೀರು ಕೊಟ್ಟ. ಅವ್ವ ರೂಢಿಯ ಹಾಗೆ ಬೊಗಸೆ ಒಡ್ಡಿದಳು. ಅವನಿಗೆ ಅದು ಏನೆಂದು ತಿಳಿಯಲಿಲ್ಲ. ಲೋಟವನ್ನೇ ಅವಳ ತುಟಿಗೆ ಹಿಡಿದ. ತಿಪಟೂರಿನ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ, ನಾವು ಸೊಂಟದ ಚೀಲ ಬಿಚ್ಚಿದರೆ ಕೈ ಮುಗಿದು ಹೊರಟುಹೋದ.

ಅವ್ವ ಉಳಿದಳು. ಇನ್ನೂ ಇಪ್ಪತ್ತು ವರ್ಷ ಬಾಳಿದಳು. ‘ಆ ಪುಣ್ಯಾತ್ಮ ಯಾವ ಜನವೋ ಕಾಣೆ’ ಎಂದು ಸಾಯುವ ತನಕ ಅನ್ನುತ್ತಲೇ ಇದ್ದಳು. ಅವನು ಕೇಳದೇ ಬಿಟ್ಟ ಪ್ರಶ್ನೆಯನ್ನು ಅವಳು ಬಿಡಲಾಗಲಿಲ್ಲ. ನಮ್ಮ ನಾಡು ಅವಳಿಗೆ ಕಲಿಸಿದ್ದು ಅದನ್ನೇ.

ನಾವು ಮೂವರೂ ಆಗಾಗ ಮಾತಾಡಿಕೊಂಡದ್ದುಂಟು. ಅವನಿಗೆ ಕನ್ನಡ ಬಂದಿದ್ದರೆ ಕೇಳುತ್ತಿದ್ದನೆ? ಕೇಳಿ ತಿಳಿದಿದ್ದರೆ ಲೋಟ ತುಟಿಯ ತನಕ ಬರುತ್ತಿತ್ತೆ? ಬರುತ್ತಿತ್ತು ಎಂದೇ ನಮ್ಮ ನಂಬಿಕೆ. ಆದರೂ ಆ ಅನುಮಾನ ನಮ್ಮ ಹುಟ್ಟಿನ ಜೊತೆಗೇ ಬಂದದ್ದು. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಬರಹದಲ್ಲಿ ೧೯೦೧ರ ಒಂದು ಪ್ರಯಾಣದ ಕತೆ ಹೇಳಿದ್ದಾರೆ. ತಂದೆಯನ್ನು ನೋಡಲು ಹೊರಟ ಹುಡುಗರು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆಯ ಬಟ್ಟೆ ಹಾಕಿದ್ದ ಹುಡುಗರನ್ನು ಕಂಡು ಸ್ಟೇಷನ್ ಮಾಸ್ತರು ಕನಿಕರದಿಂದಲೇ ವಿಚಾರಿಸಿದ. ಬಾಲಕ ಭೀಮ ತಾವು ಮಹಾರರು ಎಂದು ಹೇಳಿದ ಕ್ಷಣದಲ್ಲಿ ಆತನ ಮುಖ ಬದಲಾಯಿತು. ದುಪ್ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಮೊದಲಿಗೆ ಜೊತೆಗೆ ಕೂರಲು ಒಪ್ಪಲಿಲ್ಲ. ಮಕ್ಕಳೇ ಗಾಡಿ ಹೊಡೆದರು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಕನಿಕರ ಎಲ್ಲಿಯ ತನಕ? ‘ಯಾವ ಜನ’ ಎಂದು ಕೇಳುವ ತನಕ.

ಹಾಗಾದರೆ ಕೇಳಿ ತಿಳಿದ ಮೇಲೂ ಕೊಟ್ಟವರು ಇಲ್ಲವೆ? ಇದ್ದಾರೆ. ಕೆಲವು ವರ್ಷಗಳ ಮೇಲೆ ಸಂಘಟನೆಯ ಕೆಲಸಕ್ಕೆಂದು ತುರುವೇಕೆರೆ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆವು. ಸುಡುಬಿಸಿಲು. ಒಂದು ತೋಟದ ಮನೆಯ ಮುಂದೆ ನಿಂತು ನೀರು ಕೇಳಿದೆವು. ಬಾಗಿಲಲ್ಲಿ ಕೂತಿದ್ದ ಅಜ್ಜಿ ‘ಯಾವ್ ಜನ್ರಪ್ಪ?’ ಅಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅಜ್ಜಿ ಒಂದು ಗಳಿಗೆ ಸುಮ್ಮನಾದಳು. ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡು ನಾವು ತಿರುಗಿದ್ದೆವು. ‘ನಿಂತ್ಕಳಿ, ಎಲ್ಲೋಗ್ತೀರಿ’ ಎಂದು ಹಿತ್ತಾಳೆ ಚೊಂಬು ತಂದು ನಮ್ಮ ಕೈಗೇ ಕೊಟ್ಟಳು. ಮೇಲಿನಿಂದ ಸುರಿಯಲಿಲ್ಲ. ಇನ್ನೊಂದು ಕೈಯಲ್ಲಿ ಬೆಲ್ಲದ ಚೂರಿತ್ತು. ನಾವು ತೋಟದ ಬೇಲಿ ದಾಟುವಾಗ ಒಳಗಿಂದ ಗಂಡಸಿನ ಕೂಗಾಟ ಕೇಳಿಸಿತು. ‘ಚೊಂಬು ಮುಟ್ಸುದ್ಯಾ?’ ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಅಜ್ಜಿಯ ಉತ್ತರ ಕೇಳಿಸಲಿಲ್ಲ.

ಸರ್ದಾರ ಕೊಟ್ಟದ್ದು ದೊಡ್ಡದು, ಅದಿಲ್ಲದೆ ಅವ್ವ ಉಳಿಯುತ್ತಿರಲಿಲ್ಲ. ಆದರೆ ಅಜ್ಜಿ ಆ ಚೊಂಬಿಗೆ ಬೆಲೆ ತೆತ್ತಳು. ತನ್ನ ಮನೆಯೊಳಗೇ ತೆತ್ತಳು. ಮಕ್ಕಳಿಗೆ ಕಲಿಸುವುದಾದರೆ ಈ ಎರಡನ್ನೂ ಕಲಿಸಬೇಕು. ಕೇಳದೆ ಕೊಡುವುದನ್ನು, ತಿಳಿದ ಮೇಲೂ ಕೈ ಹಿಂದೆಗೆಯದೆ ಕೊಡುವುದನ್ನು.

ಶಾಲೆಗಳು ಇದನ್ನು ಕಲಿಸಿದವೆ? ನಾವು ಓದಿದ ಶಾಲೆಯಲ್ಲಿ ಶನಿವಾರ ಶ್ರಮಸೇವೆ ಇತ್ತು. ಊರಿನ ಹುಡುಗರು ಹೂಗಿಡಕ್ಕೆ ಪಾತಿ ಮಾಡುತ್ತಿದ್ದರು, ಕುಡಿಯುವ ನೀರು ತುಂಬುತ್ತಿದ್ದರು. ಕೇರಿಯ ನಾವು ಅಂಗಳ ಗುಡಿಸಿ ಮೂತ್ರದ ಜಾಗ ತೊಳೆಯುತ್ತಿದ್ದೆವು. ಕೊಡ ಮುಟ್ಟುವ ಸೇವೆ ನಮಗೆ ಇರಲಿಲ್ಲ. ಒಂದೇ ಹೆಸರಿನ ಸೇವೆಯಲ್ಲಿ ಎರಡು ಪಾಠ ನಡೆಯುತ್ತಿತ್ತು. ಇದು ಹಳೆಯ ಕಾಲದ ಮಾತು ಎನ್ನಬೇಡಿ. ೨೦೦೨-೦೩ರಲ್ಲಿ ಅಕ್ಷರ ದಾಸೋಹ ಶುರುವಾಗಿ ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ಕೂತು ಉಣ್ಣುವಂತಾಯಿತು. ಎಷ್ಟೋ ಕೂಲಿಯವರ ಮಕ್ಕಳು ಆ ಅನ್ನದಿಂದ ಓದಿದರು. ಆದರೂ ೨೦೨೫ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಶಾಲೆಯಲ್ಲಿ, ಅಡುಗೆಗೆ ದಲಿತ ಹೆಣ್ಣುಮಗಳು ಬಂದಳೆಂದು ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಮಕ್ಕಳು ಅಂದು ಕಲಿತದ್ದು ಯಾವ ಪಠ್ಯದಲ್ಲೂ ಇಲ್ಲ. ಮನೆಯ ಜಗಲಿಯಲ್ಲಿ ಇದೆ.

ನಮ್ಮ ಜಿಲ್ಲೆಯಲ್ಲೇ ಬೇರೆ ರೀತಿಯ ಪಾಠವೂ ನಡೆದಿದೆ. ಮಠಗಳ ಬಗ್ಗೆ ನಮಗೆ ತಕರಾರುಗಳಿವೆ, ಅವನ್ನು ಬಿಟ್ಟುಕೊಟ್ಟಿಲ್ಲ. ಆದರೆ ಕಂಡದ್ದನ್ನು ಹೇಳಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಬಡ ಮಕ್ಕಳು ಉಂಡು, ಓದಿ ಬಂದಿದ್ದಾರೆ. ಅಲ್ಲಿ ಹುಡುಗರೇ ಗುಡಿಸುತ್ತಾರೆ, ಹುಡುಗರೇ ಬಡಿಸುತ್ತಾರೆ, ಆಮೇಲೆ ಅವರೂ ಸಾಲಿನಲ್ಲಿ ಕೂರುತ್ತಾರೆ. ೨೦೧೯ರ ಜನವರಿ ೨೧ರಂದು ಶಿವಕುಮಾರ ಸ್ವಾಮಿಗಳು ತಮ್ಮ ೧೧೧ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಸುದ್ದಿ ಹೊರಗೆ ಹೇಳಿದರು. ದೊಡ್ಡವರ ಸಾವಿಗಿಂತ ಮಕ್ಕಳ ಹಸಿವು ಮುಂದೆ ಎಂಬ ಈ ಲೆಕ್ಕ ನಮಗೆ ಒಪ್ಪಿಗೆ.

ಈಗ ನಾವು ಕೇರಿಯಲ್ಲಿ ಸಂಜೆ ಪಾಠ ನಡೆಸುತ್ತೇವೆ. ಗುಡಿಸಲು, ನೀರು ತರಲು, ಮಂಡಕ್ಕಿ ಹಂಚಲು ಮಕ್ಕಳಿಗೆ ಸರದಿ ಹಾಕಿದೆವು. ಎರಡನೆಯ ದಿನವೇ ಒಬ್ಬ ತಾಯಿ ಬಂದು ನಿಂತಳು. ‘ಏನ್ರಪ್ಪ, ತಲತಲಾಂತ್ರದಿಂದ ನಾವ್ ಮಾಡಿದ್ ಚಾಕ್ರಿ ಸಾಲ್ದಾ? ನಮ್ ಐಕ್ಳಿಗೂ ಪೊರಕೆ ಕೊಡ್ತೀರಾ?’ ಆಕೆಗೆ ಉತ್ತರ ಹೇಳದೆ ಮುಂದೆ ಹೋಗುವ ಹಾಗಿರಲಿಲ್ಲ. ‘ಅಕ್ಕಾ, ಚಾಕ್ರೀಲಿ ಒಲ್ಲೆ ಅನ್ನಂಗಿಲ್ಲ. ಇಲ್ಲಿ ಅನ್ನಬೌದು. ಚಾಕ್ರೀಲಿ ನಮ್ ಸರದಿ ಮುಗಿಯಾದೇ ಇಲ್ಲ. ಇಲ್ಲಿ ಇವತ್ತು ಹಂಚಿದ್ ಮಗ ನಾಳೆ ಕುಂತು ತಿಂತಾನೆ. ನಾವೂ ಪೊರಕೆ ಹಿಡೀತೀವಿ’ ಎಂದೆವು. ಆಕೆ ಒಪ್ಪಲಿಲ್ಲ, ಬೈಯಲೂ ಇಲ್ಲ. ‘ನೋಡಾನ’ ಎಂದು ಹೋದಳು. ನಮ್ಮ ಕೈಯಲ್ಲಿ ಪೊರಕೆ ಕಂಡ ಮೇಲೆ ಮಗನನ್ನು ಕಳಿಸಿದಳು.

ಹೋದ ಬೇಸಿಗೆ ಆ ಮಕ್ಕಳೇ ಚಿಕ್ಕನಾಯಕನಹಳ್ಳಿ ರಸ್ತೆಯ ತಿರುವಿನಲ್ಲಿ, ಹುಣಸೆ ಮರದ ಕೆಳಗೆ, ತೆಂಗಿನ ಗರಿಯ ಚಪ್ಪರ ಹಾಕಿ ಅರವಟ್ಟಿಗೆ ಇಟ್ಟರು. ಹಳೆಯ ಅರವಟ್ಟಿಗೆಗಳಲ್ಲಿ ನಮ್ಮವರ ಬೊಗಸೆಗೆ ದೂರದಿಂದ ಸುರಿಯುತ್ತಿದ್ದರು ಎಂದು ಅವರಿಗೆ ಹೇಳಿದ್ದೆವು. ಅವರು ತಾವೇ ಎರಡು ಕಟ್ಟು ಮಾಡಿಕೊಂಡರು. ಯಾರೇ ಬಂದರೂ ಲೋಟ ಕೈಗೇ ಕೊಡಬೇಕು. ಯಾರನ್ನೂ ಯಾವ ಜನ ಎಂದು ಕೇಳಕೂಡದು.

ಮೊದಲ ದಿನ ಬೈಕಿನವರು, ಎಳನೀರು ಗಾಡಿಯವರು, ಜಾತ್ರೆಗೆ ಹೊರಟ ಹೆಂಗಸರು ನಿಂತು ಕುಡಿದರು. ಒಬ್ಬ ಲೋಟ ಹಿಡಿದವನು ‘ಯಾರ್ ಇಟ್ಟಿರಾದು ಇದು?’ ಎಂದು ಕೇಳಿದ. ಮಕ್ಕಳು ಕೇರಿಯ ಹೆಸರು ಹೇಳಿದರು. ಆತ ಲೋಟ ಕೆಳಗಿಟ್ಟು ಹೊರಟ. ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ಸಂಜೆ ನಮ್ಮನ್ನು ಕೇಳಿದಳು: ‘ನಾವ್ ಕೇಳಲ್ಲ. ಅವ್ರ್ ಯಾಕೆ ಕೇಳ್ತಾರೆ?’ ಉಳಿದ ಹುಡುಗರು ಸಿಟ್ಟಾಗಿದ್ದರು. ಆತ ಮತ್ತೆ ಬಂದರೆ ನೀರು ಕೊಡಬಾರದು ಎಂದರು. ಆ ಸಿಟ್ಟು ಬೇಕು, ಅದನ್ನು ಇಟ್ಟುಕೊಳ್ಳಿ ಎಂದೆವು. ಊರಿನ ಬಾವಿ, ಹೋಟೆಲು, ಗುಡಿಯ ಮುಂದೆ ಹಕ್ಕು ಕೇಳುವಾಗ ಅದು ಬೇಕಾಗುತ್ತದೆ. ಆದರೆ ನೀರು ಇಲ್ಲ ಎನ್ನುವುದು ಅವರ ಪಾಠ, ಅದನ್ನು ನಾವು ಕಲಿಯುವುದು ಬೇಡ. ಆ ಹುಡುಗಿ ಯೋಚನೆ ಮಾಡಿ, ‘ಆಯ್ತು, ಕೊಡ್ತೀವಿ. ಆದ್ರೆ ಕೇರಿ ಹೆಸ್ರು ಬೋರ್ಡಲ್ಲಿ ಬರೆದೇ ಕೊಡ್ತೀವಿ’ ಅಂದಳು. ಮರುದಿನ ಸುಣ್ಣದಲ್ಲಿ ಬರೆದರು. ಮಳೆ ಹಿಡಿಯುವ ತನಕ ಒಂದು ದಿನವೂ ಮಡಕೆ ಬರಿದಾಗಲಿಲ್ಲ. ಬೆಳಗಿನ ಮೊದಲ ಕೊಡ ಹೊತ್ತು ತರುತ್ತಿದ್ದವಳು, ಪೊರಕೆಗೆ ಜಗಳ ಬಂದಿದ್ದ ಅದೇ ತಾಯಿ.

ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಪೊರಕೆ ಯಾರ ಕೈಲಿದೆ, ಕೊಡ ಯಾರ ಕೈಲಿದೆ, ಒಂದು ಸಲ ನೋಡಿ. ಅದು ಸರದಿಯಲ್ಲಿ ತಿರುಗದಿದ್ದರೆ ತಿರುಗಿಸಿ. ಸೇವೆಯ ಮೇಲೆ ಭಾಷಣ ಆಮೇಲೆ ಮಾಡಬಹುದು. ಈ ಬೇಸಿಗೆಗೂ ಮಕ್ಕಳು ಮಡಕೆ ಇಡುತ್ತಾರೆ. ಆ ದಾರಿಯಲ್ಲಿ ಬಂದರೆ ನಿಂತು, ಬೋರ್ಡು ಓದಿ, ಕುಡಿದು ಹೋಗಿ.