ಬಿಕ್ಕುವ ಎಂಜಿನ್ನು

ಪೂರ್ತಿ ಕೆಟ್ಟು ನಿಂತ ಯಂತ್ರದ ದೋಷ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಒಮ್ಮೆ ಕೆಟ್ಟು ಒಮ್ಮೆ ನೆಟ್ಟಗಾಗಿ, ಗ್ಯಾರೇಜಿನ ಬಾಗಿಲಿಗೆ ಒಯ್ದೊಡನೆ ಸಾಧುವಿನಂತೆ ವರ್ತಿಸುವ ಯಂತ್ರವೇ ಪರೀಕ್ಷೆ ಒಡ್ಡುವಂಥದು. ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್ ಹೀಗೆ ಎರಡು ತಿಂಗಳು ಎಲ್ಲರನ್ನೂ ಕಾಡಿತು. ಆ ಗಾಡಿಯ ಹಿಂದೆ ಕುಳಿತು ನನ್ನೊಡನೆ ವಿಜ್ಞಾನ ಪ್ರದರ್ಶನಗಳಿಗೆ ಬಂದ ಹಳೆಯ ವಿದ್ಯಾರ್ಥಿಗಳು ಕೆಲವರಾದರೂ ಇದನ್ನು ಓದುತ್ತಿರುವಿರಿ. ಅದರ ಸದ್ದು ಗೇಟಿನಲ್ಲಿ ಕೇಳಿದೊಡನೆ ತರಗತಿ ಮೌನವಾಗುತ್ತಿತ್ತೆಂದು ಹೇಳಿದವರೂ ನೀವೇ.

ಕಿರಿಯರಿಗಾಗಿ ಎರಡು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ತಯಾರಿಸಿ 1996ರಲ್ಲಿ ಮುಚ್ಚಿತು. ರೋಡ್‌ಕಿಂಗ್ ಅದರ ಪ್ರಸಿದ್ಧ ಮಾದರಿ: 250 ಸಿ.ಸಿ., ಟೂ ಸ್ಟ್ರೋಕ್, ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರು ಹಾಕುವ ಕಡ್ಡಿಯಾಗುತ್ತಿತ್ತು! ಆ ಕಾಲದ ರಸ್ತೆಗಳ ವೇಗದ ಗಾಡಿಗಳಲ್ಲಿ ಇದೂ ಒಂದು. ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂದಿದೆ, ಆದರೆ ಅದು ಬೇರೆ ಕಂಪನಿಯ ಬೇರೆ ಯಂತ್ರ. ನಾನು 1986ರಲ್ಲಿ ಕೊಂಡ ಗಾಡಿಯನ್ನು ಈಗ ನನ್ನ ತಮ್ಮನ ಮಗ ಧುಪದಾಳದಿಂದ ಗೋಕಾಕಿಗೆ ಕೆಲಸಕ್ಕೆ ಓಡಿಸುತ್ತಾನೆ.

2023ರ ನವೆಂಬರಿನಲ್ಲಿ, ಕಬ್ಬು ನುರಿಸುವ ಹಂಗಾಮಿನಲ್ಲಿ, ಅವನು ಒಂದು ಸಂಜೆ ಬಂದು, "ದೊಡ್ಡಪ್ಪಾ, ಗಾಡಿ ನಡುವ ಬಿಕ್ಕತೈತಿ" ಎಂದ. ಎಕ್ಸಲರೇಟರು ಪೂರ್ತಿ ತಿರುಗಿಸಿದಾಗ ಎರಡು ಮೂರು ಸೆಕೆಂಡು ಎಂಜಿನ್ನು ಉಸಿರು ಹಿಡಿದಂತಾಗಿ ಮತ್ತೆ ಎಳೆಯುತ್ತಿತ್ತು. ಎರಡು ಮೂರು ಸೆಕೆಂಡು ಕೇಳಲು ಅಲ್ಪವೆನಿಸಬಹುದು. ಕೆಲವು ದಿನಗಳ ಬಳಿಕ ಕೊಣ್ಣೂರು ದಾಟಿದ ಮೇಲೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಬಲಕ್ಕೆ ಬಂದಾಗ ಎಂಜಿನ್ನು ಬಿಕ್ಕಿತು. ಎದುರಿನಿಂದ ಲಾರಿ. ಹಿಂದಿನ ಸೀಟಿನಲ್ಲಿ ಅವನ ತಾಯಿ. ಲಾರಿಯ ಚಾಲಕ ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿದ್ದರಿಂದ ಇಬ್ಬರೂ ಉಳಿದರು. ಅಂದು ರಾತ್ರಿಯೇ ನನ್ನ ತಮ್ಮ ಗಾಡಿಯನ್ನು ಗುಜರಿಗೆ ಹಾಕುವ ತೀರ್ಮಾನ ಹೇಳಿದ. ನಾನು ಒಂದು ತಿಂಗಳ ಗಡುವು ಕೇಳಿದೆ. ಅಲ್ಲಿಯವರೆಗೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಯಾವ ವಾಹನವನ್ನೂ ಹಿಂದೆ ಹಾಕುವಂತಿಲ್ಲ ಎಂಬ ಕರಾರಿನ ಮೇಲೆ.

ಗ್ಯಾರೇಜಿನವನು ನನ್ನ ವಿದ್ಯಾರ್ಥಿಯೇ. ಅವನು ಒಂದೇ ದಿನ ಕಾರ್ಬೊರೇಟರು ತೊಳೆದು, ಪ್ಲಗ್ಗು ಬದಲಿಸಿ, ಪಾಯಿಂಟು, ಕಂಡೆನ್ಸರು ಎರಡನ್ನೂ ಹೊಸದು ಹಾಕಿದ. ಎಂಟು ದಿನ ಗಾಡಿ ಚೆನ್ನಾಗಿತ್ತು. ಒಂಬತ್ತನೆಯ ದಿನ ಮತ್ತೆ ಬಿಕ್ಕಿತು. ನಾಲ್ಕನ್ನೂ ಒಟ್ಟಿಗೆ ಮುಟ್ಟಿದರೆ ಗುಣವಾದರೂ ಯಾವುದರಿಂದ ಆಯಿತೆಂದು ತಿಳಿಯದು. "ಘಟ್ಟಾ ಹತ್ತಿದ ಮ್ಯಾಲ ಎಂಜಿನ್ ಕಾಯ್ತೈತ್ರಿ ಸರ್, ಅದಕ್ಕ" ಎಂಬುದು ಅವನ ವಾದ. ಗೋಕಾಕಿನಿಂದ ಫಾಲ್ಸಿಗೆ ಏರುವ ಘಟ್ಟವನ್ನು ಬಲ್ಲವರಿಗೆ ಇದು ಒಪ್ಪುವ ಮಾತೇ, ಏಕೆಂದರೆ ಬಿಕ್ಕಿದ್ದೆಲ್ಲ ಮರಳಿ ಬರುವಾಗಲೇ.

ನಾನು ಒಂದು ನೂರು ಪುಟದ ನೋಟುಪುಸ್ತಕ ಕೊಟ್ಟು, ಬಿಕ್ಕಿದ ದಿನದಂತೆಯೇ ಬಿಕ್ಕದ ದಿನವನ್ನೂ ಬರೆಯಲು ಹೇಳಿದೆ: ವೇಳೆ, ಸ್ಥಳ, ಟ್ಯಾಂಕಿನಲ್ಲಿದ್ದ ಪೆಟ್ರೋಲು. ಬಿಕ್ಕದ ದಿನಗಳೇ ಗುಟ್ಟು ಹೇಳಿದವು. ಘಟ್ಟವನ್ನು ಅವನು ಪ್ರತಿದಿನ ಹತ್ತುತ್ತಿದ್ದ. ಬಿಕ್ಕಿದ್ದು ಗೋಕಾಕಿನಲ್ಲಿ ಟ್ಯಾಂಕು ತುಂಬಿಸಿದ ಸಂಜೆಗಳಲ್ಲಿ ಮಾತ್ರ, ಅವುಗಳಲ್ಲಿಯೂ ಎಲ್ಲದರಲ್ಲಿ ಅಲ್ಲ. ಟ್ಯಾಂಕು ಅರ್ಧಕ್ಕಿಂತ ಇಳಿದಾಗ ಒಮ್ಮೆಯೂ ಇಲ್ಲ. ತಳದ ಕಸದ ದೋಷವಾಗಿದ್ದರೆ ಪೆಟ್ರೋಲು ಕಡಿಮೆಯಾದಾಗಲೇ ಹೆಚ್ಚು ಕಾಡಬೇಕಲ್ಲವೇ?

ಮುಂದಿನ ವಾರ ಒಂದೇ ಒಂದು ಬದಲಾವಣೆ ಮಾಡಿಸಿದೆ. ಪೆಟ್ರೋಲನ್ನು ಬೆಳಿಗ್ಗೆ ಘಟಪ್ರಭೆಯಲ್ಲಿಯೇ ತುಂಬಿಸು ಎಂದೆ. ಬಿಕ್ಕು ಬೆಳಗಿಗೆ ಬಂತು. ಘಟ್ಟ ಇನ್ನೂ ದೂರವಿರುವಾಗ, ಸಮತಟ್ಟಾದ ರಸ್ತೆಯಲ್ಲಿ.

ಒಂಬತ್ತನೆಯ ತರಗತಿಯಲ್ಲಿ ಬಾಯ್ಲನ ನಿಯಮ ಬಾಯಿಪಾಠ ಮಾಡಿದವರು ಈಗ ಗಮನವಿಡಿ. ಈ ಗಾಡಿಯಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬೊರೇಟರಿಗೆ ಇಳಿಯಬೇಕು. ಇಳಿದಷ್ಟು ಗಾಳಿ ಟ್ಯಾಂಕಿನ ಮುಚ್ಚಳದ ಸಣ್ಣ ರಂಧ್ರದಿಂದ ಒಳಗೆ ಬರಬೇಕು. ರಂಧ್ರ ಮುಚ್ಚಿದ್ದರೆ ಒಳಗಿನ ಗಾಳಿ ಹಿಗ್ಗಿ ಒತ್ತಡ ಕುಸಿಯುತ್ತದೆ. ಪೆಟ್ರೋಲಿನ ಮಟ್ಟ ಕಾರ್ಬೊರೇಟರಿಗಿಂತ 20 ಸೆಂ.ಮೀ. ಮೇಲಿದೆಯೆಂದರೆ, ವಾಯುಭಾರದಲ್ಲಿ ಶೇಕಡಾ ಒಂದೂವರೆಯಷ್ಟು ಇಳಿತವೇ ಆ ಹರಿವನ್ನು ನಿಲ್ಲಿಸಲು ಸಾಕು. ಟ್ಯಾಂಕು ತುಂಬಿ ಮೇಲೆ ಅರ್ಧ ಲೀಟರ್ ಗಾಳಿ ಮಾತ್ರ ಉಳಿದಿದ್ದರೆ ಏಳೆಂಟು ಮಿಲಿಲೀಟರ್ ಪೆಟ್ರೋಲು ಖರ್ಚಾಗುವಷ್ಟರಲ್ಲಿ ಆ ಇಳಿತ ಬಂದುಬಿಡುತ್ತದೆ. ಹತ್ತು ಲೀಟರ್ ಗಾಳಿಯಿದ್ದರೆ ನೂರೈವತ್ತು ಮಿಲಿಲೀಟರ್ ಬೇಕು. ಅಷ್ಟರೊಳಗೆ ಎಲ್ಲಿಂದಲೋ ಗಾಳಿ ನುಸುಳುತ್ತದೆ. ನಿಧಾನವಾಗಿ ಹೋದರೆ ನುಸುಳುವ ಗಾಳಿ ಸಾಕಾಗುತ್ತದೆ. ಟ್ರ್ಯಾಕ್ಟರು ಹಿಂದೆ ಹಾಕುವಾಗಲೇ ಸಾಲದು.

ಇದು ಊಹೆ. ಒಂದು ರವಿವಾರ ಗ್ಯಾರೇಜಿನವನನ್ನು ಮನೆಗೆ ಕರೆಸಿ, ಬೀಡಿಯನ್ನು ದೂರ ಇಡಿಸಿ, ಅಂಗಳದಲ್ಲಿ ಪರೀಕ್ಷಿಸಿದೆವು. ಟ್ಯಾಂಕು ತುಂಬಿಸಿ, ಕಾರ್ಬೊರೇಟರಿನಿಂದ ಪೈಪು ಬಿಡಿಸಿ ಬಾಟಲಿಗೆ ಹಿಡಿದೆವು. ಮುಚ್ಚಳ ತೆರೆದಿದ್ದಾಗ ಸಮನಾದ ಧಾರೆ. ಮುಚ್ಚಿದಾಗ ಧಾರೆ ದಾರವಾಗಿ, ಹನಿಯಾಗಿ, ನಿಂತಿತು. ಸ್ವಲ್ಪ ಹೊತ್ತಿಗೆ ಟ್ಯಾಂಕಿನೊಳಗೆ "ಗುಳುಕ್" ಎಂದು ಗಾಳಿ ನುಗ್ಗಿ ಮತ್ತೆ ಹರಿಯಿತು. ಆ ಗುಳುಕೇ ರಸ್ತೆಯ ಮೇಲಿನ ಬಿಕ್ಕು! ಮುಚ್ಚಳವನ್ನು ಐದು ಬಾರಿ ತೆಗೆದು ಹಾಕಿದೆವು. ಧಾರೆ ನಿಂತದ್ದು ಎರಡೇ ಬಾರಿ.

ಮುಚ್ಚಳ ತಿರುವಿ ನೋಡಿದರೆ ಒಳಗೆ ಟ್ಯೂಬಿನ ರಬ್ಬರಿನಿಂದ ಕತ್ತರಿಸಿದ ವಾಷರು. ಹಿಂದಿನ ಬೇಸಿಗೆಯಲ್ಲಿ ದಾರಿಬದಿಯ ಅಂಗಡಿಯೊಂದರಲ್ಲಿ ಹಾಕಿಸಿದ್ದಂತೆ. ಟ್ಯೂಬಿನ ರಬ್ಬರು ಪೆಟ್ರೋಲಿಗೆ ಉಬ್ಬುತ್ತದೆ. ಉಬ್ಬಿದ ಅಂಚು ಒಂದು ಸಲ ರಂಧ್ರದ ಮೇಲೆ ಕುಳಿತರೆ ಇನ್ನೊಂದು ಸಲ ಪಕ್ಕಕ್ಕೆ ಸರಿಯುತ್ತಿತ್ತು. ಗ್ಯಾರೇಜಿನವನು ಅದನ್ನು ಬೆರಳಲ್ಲಿ ಹಿಡಿದು, "ಇಷ್ಟಕ್ಕ ನಾ ಕಂಡೆನ್ಸರ್ ಹಾಕೀನಲ್ರೀ ಸರ್!" ಎಂದು ನಕ್ಕ. ಹಳೆಯ ಕಂಡೆನ್ಸರನ್ನು ಮರುದಿನ ತಾನಾಗಿಯೇ ತಂದುಕೊಟ್ಟ.

ನೈಟ್ರೈಲ್ ರಬ್ಬರಿನ ವಾಷರು ಹಾಕಿ, ರಂಧ್ರವನ್ನು ತಂತಿಯಿಂದ ಸ್ವಚ್ಛಗೊಳಿಸಿ, ನೋಟುಪುಸ್ತಕವನ್ನು ಮತ್ತೆರಡು ತಿಂಗಳು ಬರೆಸಿದೆ. ಎಲ್ಲ ದಿನಗಳ ಮುಂದೆಯೂ "ಇಲ್ಲ" ಎಂದಿದೆ. ತಮ್ಮ ಗುಜರಿಯ ಮಾತು ಬಿಟ್ಟಿದ್ದಾನೆ. ಅವನ ಹೆಂಡತಿ ಮಾತ್ರ ಪುಸ್ತಕವನ್ನು ಪೂರ್ತಿ ಓದಿ ನೋಡಿಯೂ, ಈಗಲೂ ಗೋಕಾಕಿಗೆ ಬಸ್ಸಿನಲ್ಲಿಯೇ ಹೋಗುತ್ತಾಳೆ.