ಲೇಹ್ ತಲುಪದ ಪ್ರವಾಸ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಮಕ್ಕಳಿಂದ ಪ್ರಬಂಧ ಬರೆಸಲು ಬಳಸದ ಮೇಷ್ಟ್ರಿಲ್ಲ. ನಾನೂ ಅದಕ್ಕೆ ಹೊರತಲ್ಲ. ಕೋಶದ ಮಟ್ಟಿಗೆ ಹೇಳುವುದಾದರೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ನೀರಿನ ಕುದಿಬಿಂದುವೂ ಇಳಿಯುತ್ತದೆ ಎಂದು ಇಪ್ಪತ್ತೆಂಟು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಆ ಪಾಠ ನನ್ನ ಮೈಗೆ ತಟ್ಟಿದ್ದು ಮಾತ್ರ 2022ರ ಜೂನ್ ಕೊನೆಯಲ್ಲಿ, ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ.

ಹೊರಟವರು ನಾಲ್ವರು, ಎಲ್ಲರೂ ಕಾಲೇಜು ದಿನಗಳ ಗೆಳೆಯರು. ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಬ್ಯಾಂಕಿನವನು, ಇನ್ನೊಬ್ಬ ತಿಪಟೂರಿನ ಕಡೆ ತೆಂಗಿನ ತೋಟ ನೋಡಿಕೊಂಡಿರುವವನು. ಮಕ್ಕಳ ಓದು, ಮದುವೆ, ಮನೆ ಸಾಲ ಎಂದು ಮುಂದೂಡುತ್ತಲೇ ಬಂದಿದ್ದ ಪ್ರವಾಸ ಅದು. ತೋಟದ ಗೆಳೆಯ ಎರಡು ವರ್ಷ ಕೊಬ್ಬರಿ ಮಾರಿದ ಹಣದಲ್ಲಿ ಇದಕ್ಕೆಂದೇ ಒಂದಿಷ್ಟು ಎತ್ತಿಟ್ಟಿದ್ದ. ನನಗೆ ಲೇಹ್‌ನಿಂದಾಚೆ ಹಾನ್ಲೆಗೂ ಹೋಗುವ ಆಸೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ!

ಮನಾಲಿಯಿಂದ ಹೊರಟು, 2020ರಲ್ಲಿ ಸಂಚಾರಕ್ಕೆ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ಹಾದು ಲಾಹೌಲ್ ಕಣಿವೆಗೆ ಬಂದೆವು. ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ. ನಾವು ಭೂಗೋಳದಲ್ಲಿ ಓದಿದ ಚಿನಾಬ್ ಹುಟ್ಟುವುದು ಹೀಗೆ. ಮೈ ಎತ್ತರಕ್ಕೆ ಒಗ್ಗಲೆಂದು 3,200 ಮೀಟರ್ ಎತ್ತರದ ಜಿಸ್ಪಾದಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ನಸುಕಿನಲ್ಲೇ ಹೊರಟೆವು. ಒಂದೇ ದಿನದಲ್ಲಿ ಎತ್ತರದ ಘಟ್ಟಗಳನ್ನೆಲ್ಲ ದಾಟಿ ರಾತ್ರಿಗೆ ಲೇಹ್ ಸೇರುವುದು ನಮ್ಮ ಲೆಕ್ಕ.

ದಾರ್ಚಾ ದಾಟಿದ ಮೇಲೆ ಹಸಿರೆಂಬುದು ಮುಗಿದೇ ಹೋಯಿತು. ಕಂದು, ಬೂದಿ, ನೇರಳೆ ಬಣ್ಣದ ಬೋಳು ಬೆಟ್ಟಗಳು. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗುವುದಿಲ್ಲವೇ? ಇಲ್ಲಿ ತಡೆಗೋಡೆ ಪಶ್ಚಿಮ ಘಟ್ಟವಲ್ಲ, ಹಿಮಾಲಯ. ಮರವಿಲ್ಲ, ಊರಿಲ್ಲ. ಅಷ್ಟು ದೊಡ್ಡ ಮೌನದಲ್ಲಿ ಮಾತುಗಾರನಾದ ಬ್ಯಾಂಕಿನ ಗೆಳೆಯನೂ ಸುಮ್ಮನಾದ.

ಲೆಕ್ಕ ತಪ್ಪಿದ್ದು ಅಲ್ಲಿಂದಾಚೆ. ರಸ್ತೆಗೆ ಬಂಡೆ ಉರುಳಿತ್ತು. ಗಡಿ ರಸ್ತೆ ಸಂಸ್ಥೆಯವರು ತೆರವು ಮಾಡುವಷ್ಟರಲ್ಲಿ ನಡುಮಧ್ಯಾಹ್ನ. ಅಷ್ಟು ಹೊತ್ತಿಗೆ ಬಿಸಿಲಿಗೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ ಹಳ್ಳ ತುಂಬಿತ್ತು. ಹಿಂದೆ ಹೊರಳೋಣವೆಂದರೆ ಲಾರಿಗಳ ಸಾಲು. ಹಳ್ಳ ದಾಟಿ, ಸುಮಾರು 4,900 ಮೀಟರ್ ಎತ್ತರದ ಬಾರಾಲಾಚಾ ಲಾ ಹತ್ತಿಳಿದು, 4,300 ಮೀಟರ್‌ನ ಸರ್ಚು ಬಯಲಿಗೆ ಬಂದಾಗ ಕತ್ತಲು. ಗುಡಾರದಲ್ಲಿ ತಂಗದೆ ವಿಧಿಯಿರಲಿಲ್ಲ.

ನಾವು ಒಯ್ದಿದ್ದ ಚಿಪ್ಸ್ ಪೊಟ್ಟಣಗಳು ಒಡೆಯುವಂತೆ ಉಬ್ಬಿದ್ದವು. ಹೊರಗಿನ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗಲೇಬೇಕಲ್ಲ! ಅಲ್ಲಿ ನೀರು ಕುದಿಯುವುದು ಸುಮಾರು 86 ಡಿಗ್ರಿಗೆ. ಅಕ್ಕಿ ಬೇಯಲು ಕುಕ್ಕರ್ ಬೇಕೇ ಬೇಕು. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆ ಎಂದು ಮಕ್ಕಳು ಉತ್ತರ ಬರೆಯುವುದುಂಟು. ಪಾಲು ಎಲ್ಲ ಕಡೆಯೂ ಶೇಕಡಾ 21. ಆದರೆ ಸರ್ಚುವಿನಲ್ಲಿ ಗಾಳಿಯ ಒತ್ತಡವೇ ಸಮುದ್ರ ಮಟ್ಟದ ಶೇಕಡಾ 60ರಷ್ಟು. ಒಂದು ಉಸಿರಿಗೆ ನಮ್ಮ ರಕ್ತಕ್ಕೆ ಸಿಗುವುದೂ ಅದಕ್ಕೆ ತಕ್ಕಷ್ಟೇ.

ರಾತ್ರಿ ಎರಡೂವರೆಗೆ ಗಣಿತದ ಮೇಷ್ಟ್ರು ನನ್ನನ್ನು ಎಬ್ಬಿಸಿದ. ತೋಟದ ಗೆಳೆಯ ಗುಡಾರದ ಹೊರಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬ್ಯಾಗಿನಲ್ಲಿತ್ತು. ನಮ್ಮ ಬೆರಳಿಗೆ 84, 85 ತೋರಿಸಿತು, ಅವನ ಬೆರಳಿಗೆ 68. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ನಡೆ ಎಂದೆ. ಎರಡನೆಯ ಹೆಜ್ಜೆಗೇ ಓಲಾಡಿದ. ಎತ್ತರದ ಕಾಯಿಲೆ ಮೆದುಳಿಗೆ ಏರುತ್ತಿರುವುದರ ಗುರುತು ಅದು. ತಡಮಾಡಿದರೆ ಪ್ರಾಣಕ್ಕೇ ಅಪಾಯ.

‘ಯಾವಾಗಿನಿಂದ ತಲೆನೋವು?’ ಎಂದೆ.

‘ಸಂಜೆಯಿಂದ ಕಣೋ. ನನ್ನಿಂದ ನಿಮ್ಮೆಲ್ಲರ ಪ್ರವಾಸ ಹಾಳಾಗುತ್ತಲ್ಲ ಅಂತ ಹೇಳಲಿಲ್ಲ. ಬೆಳಿಗ್ಗೆಗೆ ಸರಿಹೋಗುತ್ತೆ, ಮುಂದೆ ಹೋಗೋಣ.’

ಈ ಕಾಯಿಲೆಗೆ ನಿಜವಾದ ಮದ್ದು ಒಂದೇ, ಕೆಳಗಿಳಿಯುವುದು. ಆದರೆ ಸರ್ಚುವಿನಿಂದ ಎತ್ತ ಹೋದರೂ ಮೊದಲು ಏರಲೇಬೇಕು. ಮುಂದೆ ಲೇಹ್‌ಗೆ ಸುಮಾರು 250 ಕಿಲೋಮೀಟರ್, ನಡುವೆ 5,300 ಮೀಟರ್ ಮೀರಿದ ಟಾಂಗ್ಲಾಂಗ್ ಲಾ. ಹಿಂದೆ ಜಿಸ್ಪಾಕ್ಕೆ ಸುಮಾರು 85 ಕಿಲೋಮೀಟರ್, ಬಾರಾಲಾಚಾ ಒಂದನ್ನು ದಾಟಿದರೆ ಬರೀ ಇಳಿಜಾರು. ಗಣಿತದವನು ಬೆರಳು ಮಡಿಸಿ ‘ಹಿಂದಕ್ಕೆ’ ಎಂದ. ಬ್ಯಾಂಕಿನವನು ಆಗಲೇ ಹಾಸಿಗೆ ಸುತ್ತುತ್ತಿದ್ದ. ಹಳ್ಳದ ಗತಿಯೇನೆಂದು ಲಾಹೌಲದವನೇ ಆದ ನಮ್ಮ ಚಾಲಕನನ್ನು ಕೇಳಿದೆ. ‘ಸರ್ ಜೀ, ರಾತ್ರಿ ಹಿಮ ಕರಗುವುದಿಲ್ಲ, ಈಗ ನೀರು ಇಳಿದಿರುತ್ತದೆ. ಸೂರ್ಯ ಏರುವ ಮುಂಚೆ ದಾಟೋಣ’ ಎಂದು ಹಿಂದಿಯಲ್ಲಿ ಹೇಳಿದ. ಯಾವ ಪುಸ್ತಕವನ್ನೂ ನೋಡದೆ ಅವನು ಕೊಟ್ಟ ಉತ್ತರಕ್ಕೆ ನಾನು ಪೂರ್ಣಾಂಕ ಕೊಡುತ್ತೇನೆ.

ಗುಡಾರದವರು ಕೊಟ್ಟ ಆಮ್ಲಜನಕದ ಸಣ್ಣ ಸಿಲಿಂಡರ್ ಹಿಡಿದು ಮೂರೂವರೆಗೆ ಹೊರಟೆವು. ಘಟ್ಟದ ತುದಿಯಲ್ಲಿ ಅವನ ತಲೆ ನನ್ನ ಹೆಗಲ ಮೇಲೆ ವಾಲಿತ್ತು. ಅವನು ಹೆಂಡತಿಯನ್ನು ಕೂಗಿ ಏನೋ ಗೊಣಗುತ್ತಿದ್ದ. ಹಳ್ಳದಲ್ಲಿ ನೀರು ಚಕ್ರದ ಅರ್ಧಕ್ಕೂ ಇರಲಿಲ್ಲ. ಜಿಸ್ಪಾ ಸೇರಿದಾಗ ಏಳು ಗಂಟೆ. ಕಣ್ಣು ತೆರೆದು, ‘ಇಲ್ಲಿ ಕಾಫಿ ಸಿಗುತ್ತೇನೋ?’ ಎಂದ. ಬ್ಯಾಂಕಿನವನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕೇಲಾಂಗ್‌ನಲ್ಲಿ ವೈದ್ಯರು ಪರೀಕ್ಷಿಸಿ, ಇಳಿಸಿಕೊಂಡು ಬಂದದ್ದೇ ದೊಡ್ಡ ಚಿಕಿತ್ಸೆಯಾಯಿತು ಎಂದರು.

‘ನಾನಿಲ್ಲೇ ಇರ್ತೀನಿ, ನೀವು ಮೂವರೂ ಹೋಗಿಬನ್ನಿ’ ಎಂದು ಅವನು ಮಾರನೆಯ ದಿನ ಹಟ ಹಿಡಿದ. ಯಾರೂ ಹೋಗಲಿಲ್ಲ. ಲೇಹ್ ನೋಡಲಿಲ್ಲ, ಹಾನ್ಲೆಯೂ ಇಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೋಳು ಬೆಟ್ಟಗಳಿಗಿಂತ ಹೆಚ್ಚಾಗಿ ಅವನ ಆ ಒಂದು ಮಾತು: ‘ನನ್ನಿಂದ ಹಾಳಾಗುತ್ತಲ್ಲ ಅಂತ ಹೇಳಲಿಲ್ಲ.’ ಇದೇ ಮಾತನ್ನು ನಾನು ಶಾಲೆಯಲ್ಲೂ ಕೇಳಿದ್ದೇನೆ. ಅಪ್ಪ ಸಾಲ ಮಾಡಿ ಸೇರಿಸಿದ ಕೋರ್ಸು ತಲೆಗೆ ಹತ್ತದೆ, ಬಾಯಿ ಬಿಟ್ಟು ಹೇಳಲೂ ಆಗದೆ ರಾತ್ರಿಯಿಡೀ ಒದ್ದಾಡುವ ಮಕ್ಕಳಿದ್ದಾರೆ. ಮಕ್ಕಳೇ, ತಲೆನೋವು ಸಂಜೆಯೇ ಶುರುವಾಗಿದ್ದರೆ ಸಂಜೆಯೇ ಹೇಳಿ. ತಂದೆ ತಾಯಿಯರೇ, ಹಾಗೆ ಹೇಳಿದ ಮಗುವಿಗೆ ಖರ್ಚಿನ ಲೆಕ್ಕ ಒಪ್ಪಿಸಬೇಡಿ. ಮೊದಲು ಗಾಡಿ ತಿರುಗಿಸಿ. ಲೇಹ್ ಎಲ್ಲಿಗೂ ಹೋಗುವುದಿಲ್ಲ.